ಹಳೆಯ ಮನೆಗಳ ಬೀದಿಯಲ್ಲಿ ಒಂದು ದಿನ



ಬೊಮ್ಮನಹಳ್ಳಿ ಎಂದ ಕೂಡಲೇ ಬೆಂಗಳೂರು ನೋಡಿದವರಿಗೆ ನೆನಪಾಗುವುದು ಹೊಸೂರು ರಸ್ತೆಯ ವಾಹನಗಳ ಸಾಲು, ಸಿಲ್ಕ್ ಬೋರ್ಡಿನ ಧೂಳು ಮತ್ತು ಸಂಜೆ ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟಾಗ ಹೊರಬರುವ ಹೆಣ್ಣುಮಕ್ಕಳ ಗುಂಪು. ಇಂತಹ ಜಾಗದಿಂದ ಯಾರಾದರೂ ಪ್ರವಾಸ ಕಥನ ಬರೆಯುತ್ತಾರೆಯೇ ಎಂದು ನೀವು ನಗಬಹುದು. ಆದರೆ ಕಳೆದ ತಿಂಗಳ ಒಂದು ಭಾನುವಾರ ನಾನೂ ನನ್ನ ಮಗಳೂ ಇಲ್ಲಿಂದ ಹೊರಟು ನಮ್ಮದೇ ನಗರದ ಎರಡು ಹಳೆಯ ಬಡಾವಣೆಗಳನ್ನು ನಡೆದು ನೋಡಿ ಬಂದೆವು. ಟಿಕೆಟ್ಟಿನ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲದ ಪ್ರವಾಸ. ಮನಸ್ಸಿಗೆ ಮಾತ್ರ ಭಾರವಾದದ್ದು.

ನನ್ನ ಕೈಚೀಲದಲ್ಲಿ ಒಂದು ಕಾಗದವಿತ್ತು. ನಾನು ಅದಕ್ಕೆ ಸಹಿ ಹಾಕಬೇಕಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ಬೊಮ್ಮನಹಳ್ಳಿಗೂ ಒಂದು ನಿಲ್ದಾಣ ಬಂದಿದೆ. ಆ ಎತ್ತರದಿಂದ ಕೆಳಗೆ ನೋಡಿದರೆ ನೀರಿನ ಟ್ಯಾಂಕುಗಳೂ ಬಾಡಿಗೆ ಮನೆಗಳ ಮಹಡಿಗಳಲ್ಲಿ ಒಣಗುವ ಬಟ್ಟೆಗಳೂ ಕಾಣುತ್ತವೆ. ನಾನು ಈ ಕಡೆ ಬಂದಾಗ ಇದು ನಗರಸಭೆ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. 2025ರಲ್ಲಿ ಆ ಪಾಲಿಕೆಯೇ ಐದಾಗಿ, ನಾವು ಬೆಂಗಳೂರು ದಕ್ಷಿಣ ನಗರ ಪಾಲಿಕೆಯವರಾದೆವು. ಕಚೇರಿಯ ಬೋರ್ಡು ಹೀಗೆ ಬದಲಾಗುತ್ತಿದ್ದರೂ ನಮ್ಮ ಗಲ್ಲಿಯ ಕೊನೆಯಲ್ಲಿ ಒಂದು ಹೆಂಚಿನ ಮನೆ ಇನ್ನೂ ನಿಂತಿದೆ. ಮುಂದೆ ಜಗಲಿ, ಜಗಲಿಯ ಮೇಲೆ ಒಬ್ಬ ಅಜ್ಜಿ. ಸುತ್ತಲಿನ ನಾಲ್ಕು ಮಹಡಿಗಳ ನಡುವೆ ಆ ಮನೆ ಯಾರೋ ಮರೆತು ಬಿಟ್ಟುಹೋದ ಚೆಂಬಿನಂತೆ ಕಾಣುತ್ತದೆ. ಹಳ್ಳಿಯ ಕಾಲದ ಅಂತಹ ಮನೆಗಳು ಇಲ್ಲಿ ಇನ್ನೆಷ್ಟು ಉಳಿದಿವೆಯೋ, ಎಣಿಸಿಟ್ಟವರಿಲ್ಲ.

ನಮ್ಮ ಪಕ್ಕದಲ್ಲೇ ಬೇಗೂರು ಇದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. 890ರ ಸುಮಾರಿನದೆನ್ನುವ ಕನ್ನಡ ಶಾಸನದಲ್ಲಿ 'ಬೆಂಗಳೂರು' ಎಂಬ ಹೆಸರಿದೆ. ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದಿನ ಮಾತು. ನಾನು ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಹೇಳಿದರೆ ಅವರು ನಂಬುವುದಿಲ್ಲ. ನಮ್ಮ ಮನೆಯಿಂದ ಅಷ್ಟು ಹತ್ತಿರದಲ್ಲಿ ಅಷ್ಟು ಹಳೆಯದು ಏನಿರಲು ಸಾಧ್ಯ ಎನ್ನುತ್ತಾರೆ.

ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿ, ಜಯನಗರ, ಸೌತ್ ಎಂಡ್, ಲಾಲ್‌ಬಾಗ್ ದಾಟಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹೊರಬಂದರೆ ಬಸವನಗುಡಿ. ಲಾಲ್‌ಬಾಗ್ ದಾಟುವಾಗ ಮಗಳಿಗೆ, ಈ ತೋಟ ಹಾಕಿಸಿದ್ದು 1760ರಲ್ಲಿ ಹೈದರ್ ಅಲಿ ಎಂದೆ. "ಅದು ಪರೀಕ್ಷೆಗೆ ಬಂದಿತ್ತು ಅಮ್ಮಿ" ಎಂದು ಅವಳು ಮೊಬೈಲ್ ನೋಡತೊಡಗಿದಳು.

ಬಸವನಗುಡಿ ಹುಟ್ಟಿದ್ದು ಒಂದು ಕಾಯಿಲೆಯಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. ಆಗ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಪೇಟೆಯ ಹೊರಗೆ ಗಾಳಿ ಬೆಳಕು ಬರುವಂತೆ ಎರಡು ಬಡಾವಣೆಗಳು ಎದ್ದವು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ನೇರವಾದ ರಸ್ತೆಗಳು, ಮನೆಯ ಸುತ್ತ ಜಾಗ, ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಕಿರಿದಾದ ಗಲ್ಲಿ. ಈ ಗಲ್ಲಿಗೆ ಕನ್ಸರ್ವೆನ್ಸಿ ಗಲ್ಲಿ ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಪಾಯಿಖಾನೆ ಶುಚಿಗೊಳಿಸುವವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಮಾಡಿದ ದಾರಿ. ಹಳೆಯ ಬಡಾವಣೆಗಳ ಚೆಲುವನ್ನು ಹೊಗಳುವವರು ಆ ಗಲ್ಲಿಯಲ್ಲಿ ತಲೆಯ ಮೇಲೆ ಹೊತ್ತು ನಡೆದವರನ್ನೂ ನೆನೆಯಬೇಕು ಎಂದು ನನಗನ್ನಿಸುತ್ತದೆ.

ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ದಾಟಿ ನಾವು ಒಳರಸ್ತೆಗಳಿಗೆ ಹೋದೆವು. 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರ ಸಾಲು ರಸ್ತೆಗೆ ಬಂದಿತ್ತು. ಒಳಗೆ ಹೋದಂತೆ ಸದ್ದು ಕಡಿಮೆಯಾಯಿತು. ಹೆಂಚಿನ ಇಳಿಜಾರು ಸೂರು, ಕಲ್ಲಿನ ಮೆಟ್ಟಿಲು, ಕೆಂಪು ಗಾರೆಯ ನೆಲ, ಮಾವಿನ ಮರ. ಕಿಟಕಿಯ ಮೇಲೆ ಮರದ ಪಟ್ಟಿಗಳನ್ನು ಚೂಪಾಗಿ ಜೋಡಿಸಿದ ಟೊಪ್ಪಿಗೆ. ಬೆಂಗಳೂರಿನವರು ಇದಕ್ಕೆ 'ಮಂಕಿ ಟಾಪ್' ಎನ್ನುತ್ತಾರೆ. ಒಂದು ರಸ್ತೆಯ ಆ ತುದಿಯಿಂದ ಈ ತುದಿಗೆ ಹಳೆಯ ಮನೆಗಳನ್ನು ಎಣಿಸು ಎಂದು ಮಗಳಿಗೆ ಹೇಳಿದೆ. ಆರು ಎಂದಳು. ಅದರಲ್ಲಿ ಎರಡಕ್ಕೆ ಬೀಗ, ಒಂದರ ಮುಂದೆ ಬಿಲ್ಡರ್‌ನ ತಗಡಿನ ಬೇಲಿ.

ಆ ಬೇಲಿಯ ಸಂದಿನಿಂದ ಇಣುಕಿದೆವು. ಹೆಂಚುಗಳನ್ನು ಇಳಿಸಿ ಒಂದು ಮೂಲೆಯಲ್ಲಿ ಒಪ್ಪವಾಗಿ ಪೇರಿಸಿದ್ದರು. ಹೆಂಚು ಮಾರಬಹುದಲ್ಲ. ಗೋಡೆಯ ಮೇಲೆ ಯಾವುದೋ ಮಗು ಬೆಳೆದ ಎತ್ತರವನ್ನು ವರ್ಷ ವರ್ಷ ಗುರುತು ಹಾಕಿದ ಪೆನ್ಸಿಲ್ ಗೀಟುಗಳು ಹಾಗೆಯೇ ಇದ್ದವು.

ಈಗ ವಿಷಯಕ್ಕೆ ಬರುತ್ತೇನೆ. ಇಂತಹ ಬಡಾವಣೆಯನ್ನು ಉಳಿಸಲು ಸರಕಾರಕ್ಕೆ ಕಾನೂನಿಲ್ಲವೇ ಎಂದು ನೀವು ಕೇಳಬಹುದು. ನನಗೂ ಅದೇ ಪ್ರಶ್ನೆಯಿತ್ತು. ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಯಂತಹ ಸ್ಮಾರಕಗಳನ್ನು ಕೇಂದ್ರದ 1958ರ ಕಾಯ್ದೆ ಕಾಯುತ್ತದೆ. ಅದು ಸ್ಮಾರಕಕ್ಕೆ ಹೇಳಿಮಾಡಿಸಿದ ಕಾನೂನು. ಒಲೆ ಉರಿಯುವ, ಮಕ್ಕಳು ಓಡಾಡುವ ಮನೆಗಳ ಬೀದಿಗೆ ಅದು ಹೊಂದುವುದಿಲ್ಲ. ಅಂತಹ ಬೀದಿಗೆ ಇರುವ ದಾರಿ ನಗರ ಯೋಜನೆಯದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಮುಂದೆ ತಿದ್ದುಪಡಿಯಾಗಿ 'ಪಾರಂಪರಿಕ ಕಟ್ಟಡ', 'ಪಾರಂಪರಿಕ ಆವರಣ' ಎಂಬ ಮಾತುಗಳು ಸೇರಿವೆ. ವಾಸ್ತುವಿನಿಂದಲೋ ಇತಿಹಾಸದಿಂದಲೋ ಬೆಲೆಯುಳ್ಳ ಕಟ್ಟಡವನ್ನು, ಕಟ್ಟಡಗಳ ಗುಂಪನ್ನು ಯೋಜನಾ ಪ್ರಾಧಿಕಾರ ಹಾಗೆಂದು ಘೋಷಿಸಬಹುದು. ಘೋಷಿಸಿದರೆ ಆ ಬೀದಿ ಮ್ಯೂಸಿಯಂ ಆಗಿಬಿಡುವುದಿಲ್ಲ. ಮನೆ ಮಾಲೀಕರದ್ದೇ. ವಾಸ ಮಾಡಬಹುದು, ಮಾರಬಹುದು, ಒಳಗೆ ನಲ್ಲಿ ಹಾಕಿಸಬಹುದು. ಕೆಡವುವ ಮೊದಲು, ಮುಖ ಬದಲಿಸುವ ಮೊದಲು, ಎತ್ತರ ಏರಿಸುವ ಮೊದಲು ಒಂದು ಸಮಿತಿಯ ಒಪ್ಪಿಗೆ ಬೇಕು. ಇಂತಹ ವ್ಯವಸ್ಥೆಯ ಸಾರ ಇಷ್ಟೇ.

2017ರ ನವೆಂಬರ್‌ನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2031ರ ಮಾಸ್ಟರ್ ಪ್ಲಾನಿನ ಕರಡನ್ನು ಹೊರತಂದಿತು. ಅದರಲ್ಲಿ ಹತ್ತಕ್ಕೂ ಹೆಚ್ಚು ಪಾರಂಪರಿಕ ವಲಯಗಳ ಪ್ರಸ್ತಾಪವಿತ್ತು. ಕೋಟೆ ಮತ್ತು ಪೇಟೆ, ಬಸವನಗುಡಿ ಮತ್ತು ಲಾಲ್‌ಬಾಗ್, ಮಲ್ಲೇಶ್ವರ, ಶಿವಾಜಿನಗರ, ಕ್ಲೀವ್‌ಲ್ಯಾಂಡ್ ಟೌನ್, ರಿಚರ್ಡ್ಸ್ ಟೌನ್, ವೈಟ್‌ಫೀಲ್ಡ್‌ನ ಒಳವೃತ್ತ ಅದರಲ್ಲಿದ್ದವು. ನಮ್ಮ ಬೇಗೂರಿನ ದೇವಾಲಯದ ಸುತ್ತಲೂ ಇತ್ತು. ಬಸವನಗುಡಿ ಹುಟ್ಟಿ ನೂರಿಪ್ಪತ್ತು ವರ್ಷಗಳಾಗುವ ಹೊತ್ತಿಗೆ ಅದರ ಸುತ್ತ ಒಂದು ಗೆರೆ ಎಳೆಯಲಾಯಿತು. ಆದರೆ 2020ರಲ್ಲಿ ಸರಕಾರ ಇಡೀ ಕರಡನ್ನೇ ಹಿಂತೆಗೆದುಕೊಂಡಿತು. ಕರಡಿಗೆ ಬಂದ ಆಕ್ಷೇಪಗಳು ರಸ್ತೆ, ಕೆರೆ, ವಾಣಿಜ್ಯ ವಲಯ ಎಂದು ಹತ್ತು ಬಗೆಯವು. ಅವುಗಳ ಜೊತೆಯಲ್ಲಿ ಹಳೆಯ ಮನೆಗಳ ಸುತ್ತಲಿನ ಗೆರೆಯೂ ಅಳಿಸಿಹೋಯಿತು.

ಈ ಸಂಗತಿ ನನಗೆ ತಿಳಿದದ್ದು ತಡವಾಗಿ, ಅದೂ ಆ ಕಾಗದ ಕೈಗೆ ಬಂದ ಮೇಲೆ. ಇಲ್ಲದಿದ್ದರೆ ಮಾಸ್ಟರ್ ಪ್ಲಾನು ಎಂಬುದು ನಮ್ಮಂತಹವರಿಗೆ ಸಂಬಂಧವಿಲ್ಲದ್ದು ಎಂದೇ ತಿಳಿದಿರುತ್ತಿದ್ದೆ. ಪತ್ರಿಕೆಯಲ್ಲಿ ಆ ಪುಟ ಬಂದರೆ ಮಡಚಿ ರೊಟ್ಟಿ ಕಟ್ಟಲು ಇಡುವವರು ನಾವು. ಕರಡು ಪ್ರಕಟವಾದಾಗ ಜನರ ಅಭಿಪ್ರಾಯ ಕೇಳುತ್ತಾರೆ, ನಾವೂ ಬರೆದು ಕೊಡಬಹುದು ಎಂಬುದನ್ನು ನಾನು ಪದವಿ ಪಡೆದ ಮೇಲೂ ತಿಳಿದಿರಲಿಲ್ಲ.

ಬಸವನಗುಡಿಯಿಂದ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ, ಅಲ್ಲಿಂದ ಆಟೋ. ಮಾಸ್ಕ್ ರೋಡಿಗೆ ಬಂದಾಗ ಲುಹರ್ ಆಗಿತ್ತು. ಇದು ಫ್ರೇಜರ್ ಟೌನ್. ಬಸವನಗುಡಿಯಂತೆ ಇದೂ ಪ್ಲೇಗಿನ ಮಗುವೇ. ಪ್ಲೇಗಿನ ನಂತರ ದಂಡು ಪ್ರದೇಶದ ಇಕ್ಕಟ್ಟು ತಗ್ಗಿಸಲು, ಇಲಿ ಸೇರದಂತಹ ಮನೆಗಳ ಬಡಾವಣೆ ಬೇಕೆಂದು 1910ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ರಸ್ತೆಗೆ ಹೆಸರು ಬಂದದ್ದು ಹಾಜಿ ಸರ್ ಇಸ್ಮಾಯಿಲ್ ಸೇಠ್ ಮಸೀದಿಯಿಂದ. ಸೇಠ್‌ರವರ ದಾನದಿಂದಲೇ ಶಿವಾಜಿನಗರದ ಗೋಷಾ ಆಸ್ಪತ್ರೆಯೂ ಆಯಿತು. ಪರ್ದಾ ಬಿಟ್ಟು ಆಸ್ಪತ್ರೆಗೆ ಹೋಗಲೊಪ್ಪದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯಬಾರದೆಂದು ಕಟ್ಟಿದ ಆಸ್ಪತ್ರೆ. ನನ್ನ ಅಮ್ಮ ಹುಟ್ಟಿದ್ದು ಅಲ್ಲೇ.

ಅಮ್ಮ ಬೆಳೆದ ಮನೆ ಮಾಸ್ಕ್ ರೋಡಿನಿಂದ ರಿಚರ್ಡ್ಸ್ ಟೌನ್ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿದೆ. ನಾನಾ ಕಟ್ಟಿಸಿದ್ದಲ್ಲ, ಕಟ್ಟಿದವರಿಂದ ಕೊಂಡದ್ದು. ಎರಡು ಕಬ್ಬಿಣದ ಕಂಬಗಳ ವರಾಂಡ, ಒಳಗೆ ಮದ್ರಾಸ್ ತಾರಸಿಯ ನಡುಮನೆ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿ ಸುಣ್ಣದ ಗಾರೆ ಹಾಕಿದ ಚಾವಣಿ. ಅಡುಗೆಮನೆ ಮಾತ್ರ ಮಂಗಳೂರು ಹೆಂಚಿನದು. ಕರಾವಳಿಯ ಓದುಗರಿಗೆ ಹೇಳಬೇಕಿಲ್ಲ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಆ ಹೆಂಚು ಬೆಂಗಳೂರಿನ ಎಷ್ಟು ಅಡುಗೆಮನೆಗಳ ಹೊಗೆ ಕುಡಿದಿದೆಯೋ! ಹಿತ್ತಲಲ್ಲಿ ಒಂದು ಸೀಬೆ ಮರ. ಅದರ ಹಿಂದೆ ಒಂದು ಚಿಕ್ಕ ಬಾಗಿಲು. ಆ ಬಾಗಿಲು ತೆರೆಯುವುದು ಕನ್ಸರ್ವೆನ್ಸಿ ಗಲ್ಲಿಗೆ.

ಈ ಗಲ್ಲಿಯ ಬಗ್ಗೆ ಯಾವ ಪುಸ್ತಕದಲ್ಲೂ ನಾನು ಕಾಣದ ಒಂದು ಮಾತನ್ನು ನಿಮಗೆ ಹೇಳಲೇಬೇಕು. ಒಳಚರಂಡಿ ಬಂದ ಮೇಲೆ ಅದು ಹೆಂಗಸರ ರಸ್ತೆಯಾಯಿತು. ನಾನಿ ಮುಂಬಾಗಿಲಿನಿಂದ ಹೊರಗೆ ಹೋದದ್ದು ಕಡಿಮೆ. ಹಿಂಬಾಗಿಲಿನಿಂದ ಮಾತ್ರ ದಿನಕ್ಕೆ ಹತ್ತು ಸಲ. ಮೂರನೆಯ ಮನೆಯ ಕ್ರಿಶ್ಚಿಯನ್ ಆಂಟಿಯ ಹತ್ತಿರ ಹೊಲಿಗೆ, ಎದುರು ಸಾಲಿನ ಮೊದಲಿಯಾರ್ ಅಮ್ಮನಿಂದ ಕರಿಬೇವು, ಇನ್ನೊಂದು ಮನೆಯಲ್ಲಿ ಕುರ್‌ಆನ್ ಪಾಠ. ನಾನು ಅಲಿಫ್ ಬೇ ಕಲಿತದ್ದು ಆ ಗಲ್ಲಿ ದಾಟಿದ ಮನೆಯಲ್ಲಿ. ಪಟ್ಟಿ ಮಾಡುವವರು ಕಂಬ ನೋಡುತ್ತಾರೆ, ಕಿಟಕಿಯ ಟೊಪ್ಪಿಗೆ ನೋಡುತ್ತಾರೆ. ಹಿಂಬಾಗಿಲನ್ನೂ ಪಟ್ಟಿಗೆ ಸೇರಿಸಿ ಎಂದು ಹೇಳುವವರು ನಾವೇ ಆಗಬೇಕು.

ಈಗ ಆ ಮನೆಯಲ್ಲಿರುವುದು ನನ್ನ ಖಾಲಾ ಒಬ್ಬರೇ. ಅಮ್ಮನ ತಂಗಿ, ವಿಧವೆ, ಮಕ್ಕಳಿಲ್ಲ. ನಾನಾ ನಾನಿ ತೀರಿದ ಮೇಲೆ ಮನೆ ಪಾಲಾಗಲೇ ಇಲ್ಲ. ಮೂವರು ಮಾಮುಗಳು, ಇಬ್ಬರು ಹೆಣ್ಣುಮಕ್ಕಳು. ಫರಾಯಿಝ್‌ನ ಲೆಕ್ಕ ನಿಮಗೆ ಗೊತ್ತಿದೆ. ಎಂಟು ಪಾಲು ಮಾಡಿ, ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಖಾಲಾರದ್ದು ಎಂಟರಲ್ಲಿ ಒಂದು. ಅಮ್ಮನದ್ದೂ ಎಂಟರಲ್ಲಿ ಒಂದು. ಅಪ್ಪ ಮೊದಲೇ ತೀರಿದ್ದರಿಂದ ಅಮ್ಮನ ಪಾಲು ತಮ್ಮನಿಗೂ ನನಗೂ ಬಂತು. ಅಂದರೆ ನನ್ನದು ಇಪ್ಪತ್ತನಾಲ್ಕರಲ್ಲಿ ಒಂದು. ಕೈಚೀಲದಲ್ಲಿದ್ದ ಕಾಗದ ಅದರದ್ದೇ. ಮನೆ ಕೆಡವಿ ನಾಲ್ಕು ಮಹಡಿ ಕಟ್ಟಲು ಬಿಲ್ಡರ್‌ಗೆ ಕೊಡುವ ಒಪ್ಪಂದ. ಎಲ್ಲ ವಾರಸುದಾರರ ಸಹಿ ಬೇಕು. ಮಾಮುವಿನ ಮಗ ಫೋನಿನಲ್ಲಿ, "ಬೇಗ ಹಾಕಿ ಕೊಡು ಆಪಾ, ನಾಳೆ ಹೆರಿಟೇಜು ಅಂತ ಏನಾದರೂ ಬೋರ್ಡ್ ಹೊಡೆದರೆ ರೇಟು ಬೀಳುತ್ತೆ" ಎಂದಿದ್ದ.

ಅವನು ಕೆಟ್ಟವನಲ್ಲ. ಅವನಿಗೂ ಮೂರು ಹೆಣ್ಣುಮಕ್ಕಳು. ಮತ್ತು ನಾನು ಸುಳ್ಳು ಹೇಳಬಾರದು. ಹಳೆಯ ಮನೆಯನ್ನು ಹೊಗಳುವವರಲ್ಲಿ ಅದರ ಬಚ್ಚಲು ತೊಳೆದವರು ಕಡಿಮೆ. ಮಳೆಗಾಲದಲ್ಲಿ ಖಾಲಾ ಅಡುಗೆಮನೆಯಲ್ಲಿ ನಾಲ್ಕು ಕಡೆ ಪಾತ್ರೆ ಇಡುತ್ತಾರೆ. ತೊಲೆಗೆ ಗೆದ್ದಲು ಹತ್ತಿದೆ. ಸುಣ್ಣದ ಗಾರೆ ತಿಳಿದ ಕೆಲಸದವರು ಸಿಗುವುದಿಲ್ಲ, ಸಿಕ್ಕಿದವರು ಸಿಮೆಂಟು ಮೆತ್ತಿ ಹೋಗುತ್ತಾರೆ. ಸಿಮೆಂಟಿನಡಿ ಸಿಕ್ಕಿದ ತೇವ ಗೋಡೆಯನ್ನು ಒಳಗಿಂದ ತಿನ್ನುತ್ತದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಎಲ್ಲರೂ ಪಾರಂಪರಿಕ ಎಂದು ಒಪ್ಪಿಕೊಂಡದ್ದೇ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಿರಿಮೆಯ ಹೆಸರು ಚಾವಣಿಯನ್ನು ಎತ್ತಿ ಹಿಡಿಯುವುದಿಲ್ಲ.

ಇನ್ನೊಂದು ಕಷ್ಟವೂ ಇದೆ. ನಾಲ್ಕು ಮಹಡಿ ಏಳಬಹುದಾದ ಜಾಗದಲ್ಲಿ ಒಂದೇ ಅಂತಸ್ತು ಉಳಿಯಬೇಕು ಎಂದರೆ ಆ ಮೂರು ಮಹಡಿಗಳ ನಷ್ಟ ಯಾರದು? ನಗರಕ್ಕೆ ಚೆಂದ, ನೋಡುವವರಿಗೆ ಸಂತೋಷ, ನಷ್ಟ ಮಾತ್ರ ಎಂಟರಲ್ಲಿ ಒಂದು ಪಾಲಿನ ವಿಧವೆಗೆ ಎಂದರೆ ಅದು ನ್ಯಾಯವೇ? ಅನ್ನಿಸಾ ಅಧ್ಯಾಯದ ಏಳನೆಯ ಸೂಕ್ತ, ಬಿಟ್ಟುಹೋದ ಸೊತ್ತು ಅಲ್ಪವಿರಲಿ ಅಧಿಕವಿರಲಿ, ಅದರಲ್ಲಿ ಹೆಣ್ಣಿಗೂ ಪಾಲು ನಿಶ್ಚಿತ ಎನ್ನುತ್ತದೆ. ಆ ಪಾಲನ್ನು ಅಣ್ಣಂದಿರ ಮನಸ್ಸಿಗೆ ನೋವಾಗಬಾರದೆಂದು ಬಿಟ್ಟುಕೊಟ್ಟ ಅದೆಷ್ಟೋ ಹೆಂಗಸರು ನಮ್ಮ ಮನೆಗಳಲ್ಲಿದ್ದಾರೆ. ಈಗ ಅದನ್ನು ಪರಂಪರೆಯ ಹೆಸರಿನಲ್ಲಿ ಬಿಟ್ಟುಕೊಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ಗಂಟನ್ನು ಬಿಡಿಸಲು ಪ್ರಯತ್ನಿಸಿದ ಊರುಗಳಿವೆ. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ಮಾಡಿತು. ನಮ್ಮ ದೇಶದಲ್ಲಿ ಅದು ಮೊದಲು. ಕಟ್ಟಲು ಬಿಡದ ಮಹಡಿಗಳ ಲೆಕ್ಕವನ್ನು ಮಾಲೀಕನಿಗೆ ಹಕ್ಕುಪತ್ರವಾಗಿ ಕೊಟ್ಟು, ಅದನ್ನು ಬೇರೆ ಕಡೆ ಕಟ್ಟುವವರಿಗೆ ಮಾರಿಕೊಳ್ಳಲು ಅಲ್ಲಿ ಅವಕಾಶವಿದೆ. ಟಿ.ಡಿ.ಆರ್. ಎನ್ನುತ್ತಾರೆ. ಅಹಮದಾಬಾದಿನಲ್ಲೂ ಇದೇ ಕ್ರಮವಿದೆ. ಸುಲ್ತಾನ್ ಅಹ್ಮದ್ ಷಾ 1411ರಲ್ಲಿ ಕಟ್ಟಿದ ಆ ಕೋಟೆಯೊಳಗಿನ ನಗರ 2017ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಆ ಪಟ್ಟಿಗೆ ಸೇರಿದ ಭಾರತದ ಮೊದಲ ನಗರ ಅದು. ಮರದ ಕೆತ್ತನೆಯ ಮನೆಗಳ 'ಪೋಳ್' ಎಂಬ ಓಣಿಗಳು ಅಲ್ಲಿನ ಜೀವ. ಹಿಂದೂ, ಜೈನ, ಮುಸ್ಲಿಮರ ಮನೆಗಳು ಅದರಲ್ಲಿವೆ. ಮನೆಮನೆಗೆ ಹೋಗಿ ಸಾವಿರಾರು ಕಟ್ಟಡಗಳ ಪಟ್ಟಿ ಮಾಡಿದ ಮೇಲೆ ಆದ ಕೆಲಸ ಅದು. ಎರಡು ವರ್ಷಗಳ ನಂತರ ಜೈಪುರವೂ ಸೇರಿತು. ಮೈಸೂರಿನಲ್ಲಿ 1926ರಿಂದ 1941ರವರೆಗೆ ದಿವಾನರಾಗಿದ್ದ ನಮ್ಮ ಸರ್ ಮಿರ್ಜಾ ಇಸ್ಮಾಯಿಲ್ ಮುಂದೆ ಜೈಪುರದ ದಿವಾನರಾದರು ಎಂಬುದನ್ನು, ಅಲ್ಲಿನ ದೊಡ್ಡ ರಸ್ತೆಗೆ ಇಂದಿಗೂ ಅವರ ಹೆಸರಿದೆ ಎಂಬುದನ್ನು ನಿಮಗೆ ಹೇಳದೆ ಮುಂದೆ ಹೋಗಲಾರೆ.

ಉಮ್ರಾಕ್ಕೆ ಹೋದವರು ಜಿದ್ದಾದ ಹಳೆಯ ಪೇಟೆ, ಅಲ್ ಬಲದ್ ನೋಡಿರಬಹುದು. ಹವಳದ ಕಲ್ಲಿನ ಎತ್ತರದ ಮನೆಗಳು, ಒಳಗಿನ ಹೆಂಗಸರು ಹೊರಗೆ ಕಾಣದೆ ಗಾಳಿ ಬೆಳಕು ಪಡೆಯುವಂತಹ ಮರದ ಜಾಲರಿಯ ಕಿಟಕಿಗಳು. ನಮ್ಮ ಮಂಕಿ ಟಾಪಿನ ದೊಡ್ಡಪ್ಪನ ಮಕ್ಕಳಂತೆ! ಮಾಲೀಕರ ಕುಟುಂಬಗಳು ಹೊಸ ಬಡಾವಣೆಗಳಿಗೆ ಹೋಗಿ ಆ ಮನೆಗಳು ಬಡ ವಲಸೆಗಾರರ ಬಾಡಿಗೆ ಕೋಣೆಗಳಾಗಿದ್ದವು. 2014ರಲ್ಲಿ ಅದಕ್ಕೂ ಯುನೆಸ್ಕೋ ಮನ್ನಣೆ ಬಂತು. ಅಮೆರಿಕದ ಚಾರ್ಲ್ಸ್‌ಟನ್ ನಗರವಂತೂ 1931ರಲ್ಲೇ ಹಳೆಯ ಮನೆಗಳ ಪ್ರದೇಶಕ್ಕೆ ಕಾನೂನಿನ ಗೆರೆ ಎಳೆದಿತ್ತು. ಆ ದೇಶಕ್ಕೆ ಅದೇ ಮೊದಲು. ಅದಕ್ಕಾಗಿ ಮುಂದೆ ನಿಂತವರಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಮಹಿಳೆಯೂ ಇದ್ದರು. ಆದರೆ ಮನೆಗಳು ಚೆಂದವಾದ ಮೇಲೆ ಅಲ್ಲಿ ಬಾಡಿಗೆಗಿದ್ದ ಬಡ ಕರಿಯ ಕುಟುಂಬಗಳು ಬೀದಿ ಬಿಡಬೇಕಾಯಿತು. ಗೋಡೆ ಉಳಿಯಿತು, ನೆರೆಹೊರೆ ಹೋಯಿತು. ಈ ಕಥೆ ಓದಿದಾಗ ನನಗೆ ನಾನಿಯ ಹಿಂಬಾಗಿಲೇ ಕಣ್ಣ ಮುಂದೆ ಬಂತು.

ಖಾಲಾ ನಮಗೆ ಖಿಚಡಿ, ಖಟ್ಟಾ ಮಾಡಿಟ್ಟಿದ್ದರು. ಊಟವಾದ ಮೇಲೆ ಕಾಗದವನ್ನು ಅವರ ಮುಂದೆ ಇಟ್ಟೆ. 2017ರ ನಕ್ಷೆಯ ವಿಷಯವನ್ನೂ ಹೇಳಿದೆ. ರಿಚರ್ಡ್ಸ್ ಟೌನ್ ಅದರಲ್ಲಿತ್ತು, ಈ ಗಲ್ಲಿ ಗೆರೆಯ ಒಳಗೆ ಬರುತ್ತಿತ್ತೋ ಹೊರಗೋ ಹುಡುಕಬೇಕಿತ್ತು, ಈಗ ಗೆರೆಯೇ ಇಲ್ಲ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

"ಮನೆ ಉಳೀಲೇಬೇಕು ಅಂತ ನಾನು ಯಾರ ಹತ್ತಿರಾನೂ ಹೇಳಿಲ್ಲ ಬೇಟಿ" ಎಂದರು. "ನನ್ನ ಪಾಲಿನ ದುಡ್ಡಿಗೆ ಈ ಗಲ್ಲಿಯಲ್ಲಿ ಒಂದು ರೂಮೂ ಬರಲ್ಲ. ನಿಮ್ಮ ಬೊಮ್ಮನಹಳ್ಳಿಗೆ ಬಾ ಅಂತಾರೆ. ಬರ್ತೀನಿ. ಆದರೆ ಒಬ್ಬರಾದರೂ ಮೊದಲು ಕೇಳಬೇಕಿತ್ತು."

ಆಗ ನನಗೆ ಮದ್ರಸಾದಲ್ಲಿ ಓದಿದ ಶುಫ್‌ಆದ ಪಾಠ ನೆನಪಾಯಿತು. ಇನ್ನೂ ಹಂಚಿಕೆಯಾಗದ ಆಸ್ತಿಯಲ್ಲಿ ಒಬ್ಬ ಪಾಲುದಾರ ತನ್ನ ಭಾಗ ಮಾರುವುದಾದರೆ, ಹೊರಗಿನವರಿಗಿಂತ ಮೊದಲು ಜೊತೆ ಪಾಲುದಾರರಿಗೆ ಕೊಳ್ಳುವ ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ತೀರ್ಪಿತ್ತಿದ್ದಾರೆ. ನಮ್ಮ ಉಸ್ತಾದರು ಇದನ್ನು ಹೊಲದ ಉದಾಹರಣೆ ಕೊಟ್ಟು ಕಲಿಸಿದ್ದರು. ಮನೆಗೂ ಇದು ಅನ್ವಯಿಸುತ್ತದೆ ಎಂದು ಗೊತ್ತಿದ್ದರೂ ನಮ್ಮ ಮನೆಗೆ ಎಂದು ಯೋಚಿಸಿರಲಿಲ್ಲ. ಕೋರ್ಟಿನಲ್ಲಿ ಇದು ನಿಲ್ಲುತ್ತದೆಯೇ ಎಂಬುದು ವಕೀಲರ ಮಾತು. ನಾನು ಹೇಳುತ್ತಿರುವುದು ಕುಟುಂಬದ ಚಾಪೆಯ ಮೇಲೆ ಕೂತು ಆಡಬಹುದಾದ ಮಾತು. ಖಾಲಾರ ಒಂದು ಪಾಲು, ನಮ್ಮಮ್ಮನ ಒಂದು ಪಾಲು ಸೇರಿದರೆ ನಾಲ್ಕರಲ್ಲಿ ಒಂದಾಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮಾಮುವಿನ ಮಗಳಿಗೆ ಈ ಮನೆಯ ಮೇಲೆ ಪ್ರೀತಿಯಿದೆ. ಮುಂದಿನ ಮನೆಯನ್ನು ರಿಪೇರಿ ಮಾಡಿ ಉಳಿಸಿ, ಸೀಬೆ ಮರದ ಪಕ್ಕದ ಹಿತ್ತಲಿನಲ್ಲಿ ಮಾತ್ರ ಹೊಸದಾಗಿ ಕಟ್ಟಿದರೆ? ಹೀಗೆ ಮಾಡಿದ ಮನೆಗಳನ್ನು ಅಂದೇ ಬೆಳಿಗ್ಗೆ ಬಸವನಗುಡಿಯಲ್ಲಿ ಎರಡು ಕಡೆ ನೋಡಿದ್ದೆವು. ಮಗಳು ಮೊಬೈಲಿನ ಫೋಟೋ ತೆಗೆದು ಖಾಲಾರಿಗೆ ತೋರಿಸಿದಳು.

ಇದೇ ಪರಿಸ್ಥಿತಿಯಲ್ಲಿ ನಿಮ್ಮಲ್ಲಿ ಯಾರಾದರೂ ಇದ್ದರೆ, ನಾನು ಕೇಳಿ ತಿಳಿದಷ್ಟನ್ನು ಹೇಳುತ್ತೇನೆ. ಮೊದಲು ಮನೆಯ ಕಾಗದ ಪತ್ರಗಳನ್ನು ಒಟ್ಟು ಮಾಡಿ. ಹಳೆಯ ಕ್ರಯಪತ್ರ, ಕಂದಾಯದ ರಸೀದಿ, ಮದುವೆಯ ದಿನ ವರಾಂಡದಲ್ಲಿ ತೆಗೆಸಿದ ಫೋಟೋ ಕೂಡ ಸಾಕ್ಷಿಯೇ. ಮನೆ ಎಷ್ಟು ಹಳೆಯದೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾವ ಕಚೇರಿಯೂ ಕೇಳುವುದಿಲ್ಲ. ಇನ್‌ಟ್ಯಾಕ್ ಎಂಬ ಸಂಸ್ಥೆ 1984ರಿಂದ ದೇಶದಲ್ಲಿ ಇಂತಹ ಕಟ್ಟಡಗಳ ಪಟ್ಟಿ ಮಾಡುತ್ತಿದೆ, ಬೆಂಗಳೂರಿನಲ್ಲೂ ಅದರ ಶಾಖೆಯಿದೆ. ಅವರ ಪಟ್ಟಿಗೆ ಕಾನೂನಿನ ಬಲವ‍ಿಲ್ಲ. ಆದರೆ ಯೋಜನಾ ಪ್ರಾಧಿಕಾರದ ಮುಂದೆ ಅರ್ಜಿ ಇಡುವಾಗ ಅದು ಊರುಗೋಲು. ಒಂದೇ ಮನೆಯವರು ಹೋದರೆ ಆಸ್ತಿ ಜಗಳ ಎಂದು ತಿಳಿಯುತ್ತಾರೆ, ಗಲ್ಲಿಯ ಏಳೆಂಟು ಮನೆಯವರು ಸೇರಿ ಹೋದರೆ ಮಾತೇ ಬೇರೆ. ಅರ್ಜಿಯಲ್ಲಿ ಟಿ.ಡಿ.ಆರ್.ನಂತಹ ಪರಿಹಾರವನ್ನು ಮೊದಲ ಸಾಲಿನಲ್ಲೇ ಕೇಳಿ, ಕೊನೆಯ ಸಾಲಿಗೆ ಬಿಡಬೇಡಿ. ಅದನ್ನು ಪಾಲುದಾರರೆಲ್ಲರಿಗೂ ಅವರವರ ಪಾಲಿನಷ್ಟು ಹಂಚಬೇಕೆಂದು ಮನೆಯೊಳಗೆ ಮೊದಲೇ ಬರೆದಿಡಿ. ಇಲ್ಲದಿದ್ದರೆ ಹಕ್ಕುಪತ್ರ ಯಾರ ಹೆಸರಿಗೆ ಹೋಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಹೊಸ ಮಾಸ್ಟರ್ ಪ್ಲಾನಿನ ಕರಡು ಎಂದಾದರೂ ಹೊರಬಂದು ಆಕ್ಷೇಪಣೆ ಕರೆದರೆ, ಆ ಪುಟವನ್ನು ರೊಟ್ಟಿ ಕಟ್ಟಲು ಬಳಸದೆ ಓದಿ.

ಅಸ್ರ್ ಆಗುವ ಹೊತ್ತಿಗೆ ಖಾಲಾ ಹಿಂಬಾಗಿಲಿನ ಬೀಗ ತೆಗೆದರು. ತುಕ್ಕು ಹಿಡಿದಿತ್ತು, ಮಗಳು ಎಣ್ಣೆ ಬಿಟ್ಟಳು. ಗಲ್ಲಿಯ ಅರ್ಧವನ್ನು ಯಾರೋ ಗೋಡೆ ಎಬ್ಬಿಸಿ ಒಳಗೆ ಹಾಕಿಕೊಂಡಿದ್ದಾರೆ, ಉಳಿದರ್ಧದಲ್ಲಿ ಕಸ. ಹೊಲಿಗೆ ಕಲಿಸುತ್ತಿದ್ದ ಆಂಟಿಯ ಮನೆ ಹೋಗಿ ಐದು ಮಹಡಿಯಾಗಿದೆ. ಮೊದಲಿಯಾರ್ ಅಮ್ಮನ ಮನೆ ಇದೆ. ಅವರ ಸೊಸೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರು ನಮ್ಮನ್ನು ಕಂಡು, ಈ ಬಾಗಿಲು ತೆಗೆದು ಎಷ್ಟು ವರ್ಷವಾಯಿತು ಎಂದು ಹತ್ತಿರ ಬಂದರು. ಅವರ ಮನೆಗೂ ಬಿಲ್ಡರ್ ಬಂದು ಹೋಗಿದ್ದಾನಂತೆ. ಅಲ್ಲೂ ನಾದಿನಿಯರ ಸಹಿ ಬಾಕಿ.

ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಎಲ್ಲರೂ ಕೂತು ಮಾತಾಡಿದ ಮೇಲೆ ಎಂದು ಮಾಮುವಿನ ಮಗನಿಗೆ ಅಂದು ರಾತ್ರಿಯೇ ಫೋನ್ ಮಾಡಿದೆ. ಅವನಿಗೆ ಸಿಟ್ಟು ಬಂತು, ಆದರೆ ಖಾಲಾರ ಮನೆಗೆ ಬರಲು ಒಪ್ಪಿದ್ದಾನೆ. ಬರುವ ಭಾನುವಾರ ಅಳತೆ ಟೇಪು ತನ್ನಿ ಎಂದು ಖಾಲಾ ಹೇಳಿ ಕಳಿಸಿದ್ದಾರೆ. ಮಗಳ ಗೆಳತಿಯೊಬ್ಬಳ ಅಕ್ಕ ಆರ್ಕಿಟೆಕ್ಟ್ ಓದುತ್ತಿದ್ದಾಳಂತೆ, ಅವಳೂ ಬರುತ್ತಾಳೆ. ಮೊದಲಿಯಾರ್ ಅಮ್ಮನ ಸೊಸೆ ತಮ್ಮ ಮನೆಯ ಹಳೆಯ ಫೋಟೋಗಳನ್ನು ಹುಡುಕಿಡುತ್ತೇನೆ ಎಂದಿದ್ದಾರೆ. ಹಿಂಬಾಗಿಲಿಗೆ ಈಗ ಬೀಗ ಹಾಕಿಲ್ಲ, ಚಿಲಕ ಮಾತ್ರ.